ಅತ್ತಿಗೆ ಓದುತ್ತಿದ್ದಾಳೆ

ಎಡ ದವಡೆಯ ಕೊನೆಯ ಹಲ್ಲು ಮುಟ್ಟಿದರೆ ನೋಯುತ್ತಿರಲಿಲ್ಲ, ಬಿಟ್ಟರೆ ನೋಯುತ್ತಿತ್ತು. ಅದಕ್ಕೇ ಅವನು ಎದ್ದಾಗಿನಿಂದ ನಾಲಿಗೆಯನ್ನು ಅಲ್ಲೇ ಒತ್ತಿ ಹಿಡಿದುಕೊಂಡು, ಹೆಂಡತಿ ಕೇಳಿದ್ದಕ್ಕೆಲ್ಲ ಮೂಗಿನಲ್ಲೇ ಹೂಂಗುಟ್ಟುತ್ತಿದ್ದ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಿರಿ ಎಂದು ಅವಳು ಹೇಳಿದಳು. ಊರಿಗೆಲ್ಲ ಹಲ್ಲು ಮಾಡಿಕೊಡುವವರು ನಿಮ್ಮದನ್ನು ಹೀಗೆ ಸವೆಸಿಕೊಂಡರೆ ಹೇಗೆ ಎಂದು ನಕ್ಕಳು. ಅವನಿಗೆ ನಗು ಬರಲಿಲ್ಲ. ಈವತ್ತು ನಾಲ್ಕು ಗಂಟೆಗೆ ಡಾಕ್ಟರಮ್ಮ ಬರುತ್ತಾರೆ, ಐದರೊಳಗೆ ಬ್ಯಾಂಕಿಗೆ ಕಾಗದ ಮುಟ್ಟಬೇಕು. ಎರಡರಲ್ಲಿ ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ. ಯಾವುದಕ್ಕೆ ಯಾವುದು ಎಂದು ಅವನು ವಾರದ ಹಿಂದೆಯೇ ನಿರ್ಧರಿಸಿಬಿಟ್ಟಿದ್ದ. ಆದರೂ ನಿರ್ಧಾರವಾದ ಮೇಲೆ ಮನುಷ್ಯನಿಗೆ ಬರಬೇಕಾದ ನೆಮ್ಮದಿಯ ನಿದ್ದೆ ಯಾಕೆ ಬರಲಿಲ್ಲ ಎಂದು ಯೋಚಿಸುತ್ತ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ, ಬಿಚ್ಚಿ ಮತ್ತೆ ಹಾಕಿಕೊಂಡ, ಮೆಟ್ಟಿಲಿಳಿಯುವಾಗ ಮೂವತ್ತೆರಡು ಪುಟದ ಸಾಲಪತ್ರವನ್ನು ಕಂಕುಳಲ್ಲಿ ಇಟ್ಟುಕೊಂಡ. ಕಾಗದ ಬೆಚ್ಚಗಾಗಿ ಬೆವರಿಗೆ ಅಂಟಿಕೊಂಡಿತು.

ಮೇಲೆ ಸಂಸಾರ, ಕೆಳಗೆ ಕಂಪನಿ. ಬೀದಿಗೆ ಕಿಟಕಿಯಿರುವ ಮುಂದಿನ ರೂಮು ಅವನದು. ಅದರ ಹಿಂದೆ ಉದ್ದನೆಯ ಕೆಲಸದ ಕೋಣೆ. ನಡುವಿನ ಬಾಗಿಲನ್ನು ಧೂಳು ಬರುತ್ತದೆಂದು ಅವನು ಯಾವಾಗಲೂ ಮುಚ್ಚಿಯೇ ಇಡುತ್ತಿದ್ದ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇಲ್ಲಿ ಅದಕ್ಕೆ ಪ್ಲಾಸ್ಟರು ಹುಯ್ದು ದವಡೆ ಎಬ್ಬಿಸಿ, ಮೇಣದಲ್ಲಿ ತಿದ್ದಿ, ಪಿಂಗಾಣಿ ಪುಡಿಯನ್ನು ಕುಂಚದ ತುದಿಯಿಂದ ಪದರ ಪದರವಾಗಿ ಏರಿಸಿ, ಸುಟ್ಟು, ಹಲ್ಲು ಮಾಡಿ ವಾಪಸು ಕಳಿಸುತ್ತಾರೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಾಯಿಗಳು, ಒಂದಕ್ಕೂ ಮುಖವಿಲ್ಲ. ಈಗೀಗ ಡಾಕ್ಟರುಗಳು ಅಚ್ಚು ತೆಗೆಯುವುದನ್ನೇ ಬಿಡುತ್ತಿದ್ದರು. ಬಾಯೊಳಗೆ ಕ್ಯಾಮೆರಾ ಆಡಿಸಿ ಚಿತ್ರ ಕಳಿಸುತ್ತಿದ್ದರು. ಆ ಚಿತ್ರವನ್ನು ನೋಡಿ ತಾನೇ ಹಲ್ಲು ಕೊರೆಯುವ ಮೆಷೀನು ಇಲ್ಲದ ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಮೆಷೀನು ಕೊಳ್ಳದಿದ್ದರೆ ಎರಡು ವರ್ಷ, ಹೆಚ್ಚೆಂದರೆ ಮೂರು. ಕೊಳ್ಳುವಷ್ಟು ಹಣ ಕಂಪನಿಯಲ್ಲಿರಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಈ ಕೋಣೆಯಲ್ಲಿ ದಿನಕ್ಕೊಬ್ಬರಾದರೂ ಹೇಳುತ್ತಿದ್ದುದರಿಂದ ಅದು ಗಾದೆ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ಹಣ ಬರುವುದಕ್ಕೆ ದಾರಿ ಎರಡೇ ಎಂದು ಆಡಿಟರ್ ಬಿಡಿಸಿ ಹೇಳಿದ್ದ. ಆಡಿಟರನ ಮೇಲಿನ ಹಲ್ಲುಸೆಟ್ಟು ಇವರ ಲ್ಯಾಬಿನದೇ. ಮಾತಿನ ನಡುವೆ ಅದನ್ನು ನಾಲಿಗೆಯಿಂದ ಒಮ್ಮೆ ಮೇಲಕ್ಕೆತ್ತಿ ಕೂರಿಸಿಕೊಳ್ಳುವುದು ಅವನ ಅಭ್ಯಾಸ. "ಸಾಲ ಕೊಟ್ಟವನು ತಿಂಗಳು ತಿಂಗಳೂ ಬಂದು ಬಾಗಿಲು ತಟ್ತಾನೆ, ಆದ್ರೆ ಒಳಗೆ ಬರಲ್ಲ. ಪಾಲು ತಗೊಂಡವನು ಬಾಗಿಲು ತಟ್ಟೋದೇ ಇಲ್ಲ, ಯಾಕಂದ್ರೆ ಒಳಗೇ ಇರ್ತಾನೆ," ಎಂದಿದ್ದ. ಸಾಲದ ಬಡ್ಡಿಯನ್ನು ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದು, ಕೊನೆಯ ಕಂತು ಕಟ್ಟಿದ ದಿನ ಬ್ಯಾಂಕಿಗೂ ನಿಮಗೂ ನಂಟು ಮುಗಿಯಿತು. ಆದರೆ ಕಂತು ಯಾರಿಗೂ ಕಾಯುವುದಿಲ್ಲ, ನಿಮ್ಮ ಡಾಕ್ಟರುಗಳೋ ದುಡ್ಡು ಕೊಡುವುದು ಮನಸ್ಸು ಬಂದಾಗ, ಮೇಲೆ ಬ್ಯಾಂಕಿನವರು ಮನೆಯನ್ನೇ ಅಡಮಾನ ಕೇಳುತ್ತಿದ್ದಾರೆ. ಪಾಲು ಕೇಳುತ್ತಿರುವ ಹಲ್ಲಿನ ಡಾಕ್ಟರಮ್ಮನಿಗೆ ಒಂಬತ್ತು ಕ್ಲಿನಿಕ್ಕುಗಳಿವೆ. ನೂರಕ್ಕೆ ನಲವತ್ತು ಪಾಲು ಕೊಟ್ಟರೆ ಮೆಷೀನಿನ ಹಣವೂ ಬರುತ್ತದೆ, ಒಂಬತ್ತು ಕ್ಲಿನಿಕ್ಕಿನ ಕೆಲಸವೂ ಬರುತ್ತದೆ. ಲಾಭವಾದರೆ ಅವರಿಗೂ ಪಾಲು, ನಷ್ಟವಾದರೆ ಅವರದೂ ಹೋಗುತ್ತದೆ, ನಿಮ್ಮ ಸೂರು ನಿಮಗಿರುತ್ತದೆ. ಆಮೇಲೆ ಸೆಟ್ಟನ್ನೊಮ್ಮೆ ಎತ್ತಿ ಕೂರಿಸಿಕೊಂಡು, ನಗುತ್ತ, "ಆದ್ರೆ ಒಂದು ತಮಾಷೆ ನೋಡಿ. ಈಗ ನೀವು ಅರ್ಧ, ನಿಮ್ಮ ಅತ್ತಿಗೆ ಅರ್ಧ. ನಲವತ್ತು ಕೊಟ್ಟ ಮೇಲೆ ನಿಮಗೆ ಮೂವತ್ತು, ಅವರಿಗೆ ಮೂವತ್ತು. ನಾಳೆ ನೀವೂ ಡಾಕ್ಟರಮ್ಮನೂ ಒಂದು ವಿಷಯಕ್ಕೆ ಜಟಾಪಟಿಗೆ ಬಿದ್ರೆ ನಿಮ್ಮ ಅತ್ತಿಗೆ ಕೈ ಎತ್ತಿದ ಕಡೆ ಗೆಲುವು. ಈಗಿಂದಲೇ ಅವರನ್ನ ಚೆನ್ನಾಗಿ ನೋಡ್ಕೊಳ್ಳಿ!" ಎಂದಿದ್ದ. ಅವನೂ ನಕ್ಕಿದ್ದ. ಆ ಕ್ಷಣದಲ್ಲೇ, ನಗುತ್ತಿದ್ದಾಗಲೇ, ಎಡ ದವಡೆಯಲ್ಲಿ ಮೊದಲ ಸಲ ಚಳುಕು ಹೊಡೆದಿತ್ತು. ಸಾಲವೇ ಸರಿ ಎಂದು ಅವತ್ತು ಮನೆಗೆ ನಡೆದು ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಅಣ್ಣ ಕಟ್ಟಿದ ಕಂಪನಿಯೊಳಗೆ ಹೊರಗಿನವರು ಕಾಲಿಡಬಾರದು ಎಂದು ಹೆಂಡತಿಗೆ ಹೇಳಿದ. ಹೇಳುವಾಗ ಅದನ್ನು ತಾನೂ ನಂಬಿದ.

ಅತ್ತಿಗೆ ಕಿಟಕಿಯ ಪಕ್ಕದ ತನ್ನ ಜಾಗದಲ್ಲಿ, ಭೂತಗನ್ನಡಿಯ ಕನ್ನಡಕ ಹಾಕಿಕೊಂಡು, ಒಂದು ಮುಂಬಲ್ಲಿನ ಅಂಚಿಗೆ ನೀಲಿಯೋ ಬೂದಿಯೋ ಹೇಳಲಾಗದ ಒಂದು ಬಣ್ಣವನ್ನು ತಾಗಿಸುತ್ತಿದ್ದಳು. ಅವಳ ಕೆಲಸ ನೋಡಲು ಅವನಿಗೆ ಯಾವಾಗಲೂ ಭಯ. ಉಸಿರು ಜೋರಾಗಿ ಬಿಟ್ಟರೆ ಹಾಳಾದೀತು ಎನ್ನಿಸುತ್ತಿತ್ತು. ಅವಳ ಸಹಿ ಬೇಕಾದ ಕಾಗದಗಳನ್ನು ಅವನು ತಂದಿಡುವ ಕ್ರಮ ಒಂದಿತ್ತು. ಸಹಿ ಬೀಳಬೇಕಾದ ಕಡೆಗಳಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗುರುತು ಮಾಡಿ, ಮೇಣ ಆರುವ ಹೊತ್ತು ನೋಡಿ ಮುಂದಿಡುತ್ತಿದ್ದ. ಅವಳು ಗುರುತಿದ್ದಲ್ಲಿ ಹೆಸರು ಬರೆದು, ಕೈ ಒರೆಸಿಕೊಂಡು ಮತ್ತೆ ಕುಂಚ ಹಿಡಿಯುತ್ತಿದ್ದಳು. ಬಾಡಿಗೆ ಕರಾರು, ತೆರಿಗೆ ಕಾಗದ, ಕಂಪನಿಯ ವರ್ಷಾವರ್ಷದ ಲೆಕ್ಕ, ಯಾವುದಕ್ಕೂ ಏನಿದು ಎಂದು ಅವಳು ಕೇಳಿದ್ದಿಲ್ಲ. ಅವನೂ ಹೇಳಿದ್ದಿಲ್ಲ.

ಈವತ್ತು ಅವಳು ಕನ್ನಡಕವನ್ನು ಹಣೆಗೇರಿಸಿದಳು. "ಎಷ್ಟು ಪುಟ ಇದೆ?"

"ಮೂವತ್ತೆರಡು."

"ಒಂದು ಬಾಯಿಯಷ್ಟು," ಎಂದಳು. ಬೆನ್ನ ಹಿಂದೆ ಕೆಲಸ ಮಾಡುತ್ತಿದ್ದ ಇಬ್ಬರು ಹುಡುಗಿಯರು ನಕ್ಕರು. "ಇಟ್ಟಿರು. ಓದಿ ಕೊಡ್ತೀನಿ."

"ಓದೋಕೇನಿದೆ ಅತ್ತಿಗೆ ಅದರಲ್ಲಿ, ಎಲ್ಲಾ ಬ್ಯಾಂಕಿನವರ ಮಾಮೂಲಿ."

"ಮಾಮೂಲಿ ಆದ್ರೆ ಬೇಗ ಮುಗಿಯುತ್ತೆ ಬಿಡು."

ಅವನು ಅಲ್ಲೇ ನಿಂತ. ನಿಲ್ಲಬಾರದಿತ್ತು. ಅವಳು ಕುಂಚವನ್ನು ನೀರಿಗದ್ದಿ ತೊಳೆದು, ಒರೆಸಿ, ಅದರ ಡಬ್ಬಿಗಿಟ್ಟಳು. ಕೆಲಸದ ಹೊತ್ತಿನಲ್ಲಿ ಅವಳು ಕುಂಚ ಡಬ್ಬಿಗಿಡುವುದನ್ನು ಅವನು ನೋಡಿಯೇ ಇರಲಿಲ್ಲ. ಕಾಗದದ ಕಟ್ಟನ್ನು ಎಳೆದುಕೊಂಡು, ಮೊದಲನೆಯ ಪುಟದ ಮೊದಲನೆಯ ಸಾಲಿನ ಕೆಳಗೆ ಬೆರಳಿಟ್ಟಳು. ಆ ಬೆರಳು ಹೊರಟ ವೇಗವನ್ನು ನೋಡಿದರೆ ಸಂಜೆಯಾಗುತ್ತದೆ ಎನ್ನಿಸಿತು. "ಐದರೊಳಗೆ ಕೊಡಬೇಕಂತೆ," ಎಂದ. ಅವಳು ತಲೆಯಾಡಿಸಿದಳು, ಬೆರಳು ತೆಗೆಯಲಿಲ್ಲ.

ತನ್ನ ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಕೂತ. ಕೂತದ್ದೇ ಎದ್ದು ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಟ್ಟ. ಯಾಕೆ ಓದುತ್ತಾಳೆ? ಅಣ್ಣ ಹೋದ ಮೇಲೆ ಅಣ್ಣನ ಅರ್ಧ ಅವಳ ಹೆಸರಿಗೆ ಬಂದಾಗಲೂ ಓದಿರಲಿಲ್ಲ, ನೀನು ಹೇಳಿದ ಹಾಗೆ ಎಂದಿದ್ದಳು. ಆಗಿನಿಂದ ಪ್ರತಿ ತಿಂಗಳು ಒಂದನೇ ತಾರೀಖು ಅವಳ ಸಂಬಳವನ್ನು ಲಕೋಟೆಯಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾನೆ. ಒಂದು ತಿಂಗಳೂ ತಡ ಮಾಡಿಲ್ಲ, ಕೈ ಬಿಗಿಯಿದ್ದಾಗ ಹೆಂಡತಿಯ ಬಳೆ ಇಟ್ಟಾದರೂ ಕೊಟ್ಟಿದ್ದಾನೆ. ಇದಕ್ಕಿಂತ ಮರ್ಯಾದೆ ಏನಿದೆ? ಕೊಟ್ಟು ಹಿಂದಿರುಗಿ ಬರುವಾಗ ಒಂದು ಹಗುರವಾದ ಭಾವನೆ, ಈ ತಿಂಗಳಿನ ಮಟ್ಟಿಗೆ ಮುಗಿಯಿತು ಎಂಬ ಹಾಗೆ. ಬ್ಯಾಂಕಿನವರಿಗೂ ಹೀಗೆಯೇ ಕೊಟ್ಟರಾಯಿತು. ಕಚ್ಚು, ಎಂದು ಅಣ್ಣ ಹೇಳುತ್ತಿದ್ದ. ಕೆಲಸ ಕಲಿಯುವಾಗ ಅವನನ್ನೇ ಕುರ್ಚಿಯ ಮೇಲೆ ಕೂರಿಸಿ, ಮೇಲಿನ ಕೆಳಗಿನ ಹಲ್ಲುಗಳ ನಡುವೆ ನೀಲಿ ಕಾಗದವಿಟ್ಟು, ಕಚ್ಚು, ಬಿಡು, ಕಚ್ಚು. ನೀಲಿ ಬಿದ್ದ ಕಡೆ ಎತ್ತರವಿದೆ ಎಂದು ಅರ್ಥ. ಕೂದಲೆಳೆಯಷ್ಟು ಎತ್ತರವಿದ್ದರೂ ಬಾಯಿ ಒಪ್ಪುವುದಿಲ್ಲ ಕಣೋ, ಅದಕ್ಕೆ ತನ್ನದು ಯಾವುದು, ಬೇರೆಯದು ಯಾವುದು ಗೊತ್ತಾಗುತ್ತೆ. ಅವನಿಗೆ ಅದು ಕೊನೆಗೂ ಹಿಡಿಯಲಿಲ್ಲ. ಉಜ್ಜಬಾರದ ಕಡೆ ಉಜ್ಜುತ್ತಿದ್ದ. ನಿನಗೆ ಮುಂದಿನ ರೂಮೇ ಸರಿ ಎಂದು ಅಣ್ಣ ಒಂದು ದಿನ ನಗುತ್ತಲೇ ಹೇಳಿ ಬಿಲ್ಲು ಬರೆಯಲು ಕೂರಿಸಿದ. ಕುಂಚ, ಮೊದಲಿನಿಂದಲೂ ಪ್ಲಾಸ್ಟರು ಕಲಸುತ್ತಿದ್ದ ಅತ್ತಿಗೆಯ ಕೈಗೆ ಹೋಯಿತು. ಅವಳು ಆರು ತಿಂಗಳಲ್ಲಿ ಅಣ್ಣನನ್ನೇ ಮೀರಿಸಿದಳು. ಅವನಿಗೆ ಹೊಟ್ಟೆಕಿಚ್ಚಾಗಿರಲಿಲ್ಲ. ಆಗಿರಲಿಲ್ಲ ಎಂದು ಈಗ ಇಷ್ಟು ವರ್ಷದ ಮೇಲೆ ತನಗೆ ತಾನೇ ಯಾಕೆ ಹೇಳಿಕೊಳ್ಳಬೇಕು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

ಬಾಗಿಲ ಸಂದಿಯಿಂದ ನೋಡಿದ. ಏಳನೆಯ ಪುಟವೋ ಎಂಟನೆಯದೋ. ಹುಡುಗಿಯರು ಕೆಲಸ ಮಾಡುವ ನೆಪದಲ್ಲಿ ಅವಳನ್ನೇ ನೋಡುತ್ತಿದ್ದರು. ಹೋದ ತಿಂಗಳು ಡಾಕ್ಟರಮ್ಮ ಲ್ಯಾಬು ನೋಡಲು ಬಂದಾಗಲೂ ಹೀಗೆಯೇ ಎಲ್ಲರೂ ನೆಪ ಮಾಡಿಕೊಂಡು ನೋಡುತ್ತಿದ್ದರು. ಡಾಕ್ಟರಮ್ಮ ದೊಡ್ಡ ಮಾತಿನವರಲ್ಲ. ಮೇಜಿನಿಂದ ಮೇಜಿಗೆ ಹೋಗಿ, ಅತ್ತಿಗೆಯ ಮುಂದಿದ್ದ ಒಂದು ಹಲ್ಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ಹಿಡಿದು, "ಇದನ್ನ ಮಾಡಿದ್ದು?" ಎಂದು ಕೇಳಿದರು. ಅವನು ಅತ್ತಿಗೆಯ ಕಡೆ ಕೈ ತೋರಿಸಿದ. "ಇವರು ಯಾರು?" ಎಂದರು. ಎಲುಬಿಲ್ಲದ ನಾಲಿಗೆ. "ಹಳೇ ಕೆಲಸದವರು, ತುಂಬ ವರ್ಷದಿಂದ ಇದಾರೆ," ಎಂದುಬಿಟ್ಟ. ಯಾಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದ. ಅತ್ತಿಗೆ ಎಂದಿದ್ದರೆ ಸಾಕಾಗಿತ್ತು, ನಿಜವೂ ಆಗುತ್ತಿತ್ತು. ಆದರೆ ಅತ್ತಿಗೆ ಎಂದರೆ ಅಣ್ಣ ಯಾರು ಎಂಬ ಮಾತು ಬರುತ್ತದೆ, ಅಣ್ಣ ಬಂದರೆ ಪಾಲು ಬರುತ್ತದೆ, ಪಾಲು ಬಂದರೆ ಡಾಕ್ಟರಮ್ಮ ಅವನನ್ನು ಬಿಟ್ಟು ಅವಳ ಕಡೆ ತಿರುಗಿ ಮಾತಾಡುತ್ತಾರೆ. ಇಷ್ಟೆಲ್ಲ ಅವನು ಯೋಚಿಸಲಿಲ್ಲ, ನಾಲಿಗೆಯೇ ಯೋಚಿಸಿತು. ಗಾಳಿಯಲ್ಲಿದ್ದ ಕುಂಚ ಒಂದು ಕ್ಷಣ ನಿಂತು ಮತ್ತೆ ಹಲ್ಲಿನ ಮೇಲೆ ಇಳಿಯಿತು. ಸದ್ಯ, ಉಜ್ಜುವ ಮೆಷೀನಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು, ಆ ಹೊತ್ತಿನಲ್ಲಿ ಯಾವ ಮೆಷೀನೂ ಓಡುತ್ತಿರಲಿಲ್ಲ. ಅವನಿಗೆ ಅನ್ನ ಬಡಿಸುತ್ತಿದ್ದವಳೂ ಅತ್ತಿಗೆಯೇ.

ಫೋನು ಬಡಿಯಿತು. ಒಬ್ಬ ಡಾಕ್ಟರರ ಕ್ಲಿನಿಕ್ಕಿನಿಂದ. ಮಧ್ಯಾಹ್ನ ರೋಗಿ ಬರುತ್ತಾರೆ, ಮುಂಬಲ್ಲು ಎಲ್ಲಿ ಎಂದು ಕೇಳಿದರು. ಸ್ವಲ್ಪ ತಡವಾಗುತ್ತದೆ, ಇನ್ನೊಂದು ಸಲ ಸುಡಬೇಕು ಎಂದು ಸುಳ್ಳು ಹೇಳಿ ಇಟ್ಟ. ಇದೇ ನೆಪವೆಂದು ಒಳಗೆ ಹೋದ. "ಅತ್ತಿಗೆ, ಆ ಮುಂಬಲ್ಲಿಗೆ ಫೋನ್ ಮಾಡಿದ್ರು."

"ಹತ್ತು ನಿಮಿಷದ ಕೆಲಸ ಬಾಕಿ ಇದೆ. ಇದಾದ ಮೇಲೆ ಮಾಡ್ತೀನಿ." ಬೆರಳು ಒಂದು ಸಾಲಿನಲ್ಲಿ ನಿಂತಿತ್ತು. "ಇಲ್ಲಿ 'ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ' ಅಂತಿದೆ. ಹಾಗಂದ್ರೇನು?"

"ಅದು ಅವರ ಭಾಷೆ. ಇಬ್ಬರೂ ಸೇರಿ ಅಂತ."

"ಸೇರಿ ಅಂದ್ರೆ ಸೇರಿ. 'ಪ್ರತ್ಯೇಕವಾಗಿ' ಯಾಕೆ ಹಾಕಿದಾರೆ?"

ಅವನಿಗೆ ಗೊತ್ತಿತ್ತು. ಒಬ್ಬನ ಕೈಲಾಗದಿದ್ದರೆ ಪೂರ್ತಿ ಸಾಲ ಇನ್ನೊಬ್ಬಳ ತಲೆಗೆ. "ಕೇಳಿ ಹೇಳ್ತೀನಿ," ಎಂದ. ಹುಡುಗಿಯರ ಮುಂದೆ ಕೇಳಿ ಹೇಳುತ್ತೇನೆ ಎನ್ನಬೇಕಾಗಿ ಬಂದದ್ದು ಕೆನ್ನೆಗೆ ಬಿಸಿಯಾಗಿ ತಾಗಿತು.

ಕೇಳುವುದಕ್ಕೆಂದು ಹೊರಟವನ ಹಾಗೆ ಬೀದಿಗೆ ಬಂದ. ಬಿಸಿಲಿತ್ತು. ಎದುರಿಗೆ ಬಂದ ಪರಿಚಯದವರು ನಕ್ಕರು. ಅವನಿಗೆ ಜನರ ಮುಖ ಕಾಣುವುದಕ್ಕೆ ಮುಂಚೆ ಹಲ್ಲು ಕಾಣುತ್ತದೆ, ಕಸುಬಿನ ಶಾಪ. ಹಲ್ಲು ನೋಡಿ ಮನುಷ್ಯನನ್ನು ಅಳೆಯುವ ಚಟವೂ ಅಂಟಿಕೊಂಡಿತ್ತು. ಬ್ಯಾಂಕಿನ ಸಾಲದ ಅಧಿಕಾರಿಯ ಮುಂಬಲ್ಲುಗಳ ನಡುವೆ ಸಂದು. ಸಂದಿಯ ಹಲ್ಲಿನವರು ಮೋಸಗಾರರಲ್ಲ ಎಂದು ಅವನ ನಂಬಿಕೆ. ಆ ಅಧಿಕಾರಿ ಲ್ಯಾಬಿಗೆ ಬರಲೇ ಇಲ್ಲ. ಯಾವ ಹಲ್ಲು, ಯಾರು ಮಾಡುತ್ತಾರೆ, ಒಂದನ್ನೂ ಕೇಳಲಿಲ್ಲ. ಮನೆಯ ಅಳತೆ ಕೇಳಿದ. ಗೋಡೆ ಇಟ್ಟಿಗೆಯದೋ ಕಲ್ಲಿನದೋ ಎಂದು ಕೇಳಿದ. ಅವನಿಗೆ ಅದೆಷ್ಟು ನೆಮ್ಮದಿಯಾಗಿತ್ತು! ಗೋಡೆಗಳ ಬಗ್ಗೆ ಯಾರು ಬೇಕಾದರೂ ಕೇಳಲಿ. ಡಾಕ್ಟರಮ್ಮನ ಹಲ್ಲು ಸಾಲಾಗಿ, ಸಣ್ಣಗೆ, ಒಂದರ ಮೇಲೊಂದು ಸರಿಯಾಗಿ ಕೂರುತ್ತಿದ್ದವು, ಬಾಯಿ ಮುಚ್ಚಿದಾಗ ಟಿಕ್ಕೆಂದು ಸದ್ದಾಗಬಹುದು ಎನ್ನುವಷ್ಟು. ಅಂಥವರು ಬಂದು ಮುಂದಿನ ರೂಮಿನಲ್ಲಿ ಕೂತು, ಇದು ಯಾಕೆ ಹೀಗೆ, ಅದು ಯಾಕೆ ಹಾಗೆ, ನೀವು ದಿನವಿಡೀ ಮಾಡುವುದೇನು ಎಂದು ಕೇಳಿದರೆ? ನಾನು ಬಿಲ್ಲು ಬರೆಯುತ್ತೇನೆ. ಮತ್ತೆ? ಫೋನಿನಲ್ಲಿ ತಡವಾಗುತ್ತದೆ ಎನ್ನುತ್ತೇನೆ. ನಡುಬೀದಿಯಲ್ಲಿ ಅವನು ಇದನ್ನು ಬಾಯಿಬಿಟ್ಟೇ ಹೇಳಿಕೊಂಡಿರಬೇಕು, ದಾಟಿ ಹೋಗುತ್ತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿದಳು.

ಆಡಿಟರ್ ಅವನನ್ನು ಕಂಡು ಆಶ್ಚರ್ಯಪಡಲಿಲ್ಲ. "ಬನ್ನಿ. ಈಗ ತಾನೇ ನಿಮ್ಮ ಅತ್ತಿಗೆ ಫೋನಿಟ್ಟರು."

"ಅತ್ತಿಗೆನಾ? ನಿಮಗಾ?"

"ನನಗೇ. 'ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ' ಅಂದ್ರೇನು ಅಂತ ಕೇಳಿದ್ರು, ಹೇಳಿದೆ. ಕಂತು ತಪ್ಪಿದ್ರೆ ಮನೆ ಎಷ್ಟು ದಿನದಲ್ಲಿ ಹೋಗುತ್ತೆ ಅಂತ ಕೇಳಿದ್ರು, ಹೇಳಿದೆ. ಆಮೇಲೆ, ಡಾಕ್ಟರಮ್ಮನಿಗೆ ಪಾಲು ಕೊಟ್ರೆ ಏನಾಗುತ್ತೆ ಅಂದ್ರು."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಡಾಕ್ಟರಮ್ಮ ಬಂದದ್ದು ಬರೀ ಕೆಲಸ ಕೊಡುವುದಕ್ಕೆ ಎಂದು ಅವನು ಅತ್ತಿಗೆಗೆ ಹೇಳಿದ್ದು. ಪಾಲಿನ ಮಾತು ಮನೆಯಲ್ಲಿ ಹೆಂಡತಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. "ಪಾಲಿನ ವಿಷಯ ಅವರಿಗೆ ಯಾರು ಹೇಳಿದ್ರು?"

"ಡಾಕ್ಟರಮ್ಮನೇ. ನಿನ್ನೆ ನಿಮ್ಮಲ್ಲಿಗೆ ಫೋನ್ ಮಾಡಿದ್ರಂತೆ. ನಾಳೆ ಬರ್ತೀನಿ, ಪಾಲುದಾರರಿಬ್ಬರೂ ಇರಬೇಕು ಅಂದ್ರಂತೆ. ಫೋನ್ ಎತ್ತಿದ್ದು ನಿಮ್ಮ ಅತ್ತಿಗೆ." ಆಡಿಟರ್ ಸೆಟ್ಟನ್ನು ಎತ್ತಿ ಕೂರಿಸಿಕೊಂಡ. "ಕಂಪನಿಯ ಕಾಗದಪತ್ರ ತೆಗೆಸಿ ನೋಡಿದಾರೆ ಡಾಕ್ಟರಮ್ಮ. ದುಡ್ಡು ಹಾಕೋರು ನೋಡದೇ ಇರ್ತಾರಾ? ಇನ್ನೊಂದು ಹೆಸರು ಯಾರದು ಅಂತ ಅವರಿಗೆ ಮೊದಲೇ ಗೊತ್ತು."

"ಮೊದಲೇ ಅಂದ್ರೆ?"

"ಲ್ಯಾಬು ನೋಡೋಕೆ ಬರೋ ಮುಂಚೆಯಿಂದ."

ಹಾಗಾದರೆ ಕೈಯಲ್ಲಿ ಹಲ್ಲು ಹಿಡಿದುಕೊಂಡು ಇವರು ಯಾರು ಎಂದು ಕೇಳಿದಾಗ ಡಾಕ್ಟರಮ್ಮನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದರು. ಹಳೇ ಕೆಲಸದವರು ಎಂದು ಅವನು ಹೇಳಿದಾಗ ಆ ಸಾಲು ಹಲ್ಲುಗಳನ್ನು ಸ್ವಲ್ಪವೂ ತೋರಿಸದೆ, ಓಹೋ ಎಂದಿದ್ದರು. ಆ ಓಹೋ ಈಗ ಬಂದು ಕಿವಿಗೆ ಬಡಿಯಿತು. ಅವನು ಮೆಲ್ಲಗೆ ಕೂತ. "ಕೈ ಎತ್ತೋ ವಿಷಯ... ಅದನ್ನೂ ಹೇಳಿದ್ರಾ?"

"ಕೇಳಿದ್ದಕ್ಕೆ ಹೇಳಿದೆ. ಅವರೂ ನನ್ನ ಕಕ್ಷಿದಾರರೇ ಅಲ್ವಾ? ನಾನು ನಿಮ್ಮೊಬ್ಬರ ಆಡಿಟರ್ ಅಂತ ತಿಳ್ಕೊಂಡಿದ್ರಾ?" ಆಡಿಟರ್ ನಗಲಿಲ್ಲ. "ನಾನು ಎರಡೂ ದಾರಿ ಹೇಳಿದೆ, ನೀವು ಮನೆ ಅಡ ಇಡೋ ದಾರಿ ಹಿಡಿದಿರಿ. ಅದು ನಿಮ್ಮಿಷ್ಟ. ಆದ್ರೆ ಆ ಮನೇಲಿ ಅವರೂ ಇದಾರೆ," ಎಂದ.

ವಾಪಸು ಬರುವಾಗ ಅವನು ಬೇರೆ ಬೀದಿಯಿಂದ ಬಂದ. ಸುತ್ತು ಹೆಚ್ಚಾದರೆ ಒಳ್ಳೆಯದೇ. ಅಣ್ಣ ಕಟ್ಟಿದ ಕಂಪನಿ, ಹೊರಗಿನವರು, ಮಾನ ಎಂಬ ಮಾತುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಒಂದೂ ಬಾಯಲ್ಲಿ ಕೂರಲಿಲ್ಲ. ಡಾಕ್ಟರಮ್ಮನ ಭಯ ಅಷ್ಟೇನಲ್ಲ. ಹೊರಗಿನವರ ಮುಂದೆ ದಡ್ಡನಾದರೆ ಒಂದು ದಿನದ ಸಂಕಟ. ನಿಜವಾದ ಭಯ ಏನೆಂದರೆ, ನಾಳೆ ಒಂದು ಮೇಜಿನ ಸುತ್ತ ಮೂವರು ಕೂತು, ನೀವೇನಂತೀರಿ ಎಂದು ಯಾರಾದರೂ ಅತ್ತಿಗೆಯನ್ನು ಕೇಳುವುದು. ಅವಳು ಕನ್ನಡಕವನ್ನು ಹಣೆಗೇರಿಸಿ ಏನಾದರೂ ಅನ್ನುವುದು. ಅದು ಸರಿಯಾಗಿರುವುದು. ಅಣ್ಣ ಹೋದಾಗಿನಿಂದ ಹದಿನಾರು ವರ್ಷ ಅವನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ, ಹಾಗಾಗಿ ಅರ್ಧದ ಒಡೆಯನಾದರೂ ಪೂರ್ತಿಯ ಒಡೆಯನ ಹಾಗೆ ಇದ್ದ. ಬ್ಯಾಂಕು ಬಂದರೆ ಹಾಗೆಯೇ ಇರಬಹುದು. ಹಾಗೆಯೇ ಇರುವುದಕ್ಕಾಗಿ ಅವಳ ತಲೆಯ ಮೇಲಿನ ಸೂರನ್ನು ಅವಳ ಕೈಯಿಂದಲೇ ಬರೆಸಿಕೊಳ್ಳಲು ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟು ಬಂದಿದ್ದ. ಇಷ್ಟು ಸ್ಪಷ್ಟವಾಗಿ ಅದು ಕಂಡಾಗ ಅವನಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಆದರೆ ನಾಚಿಕೆಯ ಕೆಳಗೆ ಇನ್ನೂ ಒಂದು ಆಸೆ ಮಿಸುಕುತ್ತಿತ್ತು: ಅವಳು ಸಹಿ ಹಾಕಿಬಿಟ್ಟಿದ್ದರೆ! ತನ್ನೊಳಗೆ ಅಂಥದೊಂದು ಇನ್ನೂ ಉಸಿರಾಡುತ್ತಿರುವುದನ್ನು ಕಂಡು ಅವನು ಬೀದಿಯ ಮೂಲೆಯಲ್ಲಿ ನಿಂತ. ಓಡಿಹೋಗೋಣವೆನ್ನಿಸಿತು. ಎಲ್ಲಿಗೆ? ಮನೆಗೇ ಹೋಗಬೇಕು.

ಲ್ಯಾಬಿಗೆ ಬಂದಾಗ ಅವಳು ಇಪ್ಪತ್ತನಾಲ್ಕನೆಯ ಪುಟದಲ್ಲಿದ್ದಳು. ಪಕ್ಕದಲ್ಲಿ ಹಿಂದು ಮುಂದಾಗಿ ಮಡಚಿದ ಒಂದು ಹಳೆಯ ಬಿಲ್ಲಿನ ಬೆನ್ನಿನ ಮೇಲೆ ಏನೋ ಲೆಕ್ಕ ಹಾಕಿದ್ದಳು. "ಊಟ ಆಯ್ತಾ ಅತ್ತಿಗೆ?" ಎಂದ. ಬೇರೇನೋ ಕೇಳಬೇಕೆಂದು ಬಾಯಿ ತೆರೆದದ್ದು, ಬಂದದ್ದು ಇದು.

"ಆಯ್ತು. ನಿಂದು ಮುಚ್ಚಿಟ್ಟಿದೀನಿ, ಹೋಗಿ ಉಣ್ಣು."

ಮೇಲೆ ಹೋಗಿ ತಟ್ಟೆಯ ಮುಂದೆ ಕೂತ. ಬಲಗಡೆಯಿಂದ ಅಗಿದ, ಎಡಗಡೆ ನೋಯಿತು. ಅವಳಿಗೆ ಗೊತ್ತಿದೆ, ಅವಳಿಗೆ ಎಲ್ಲ ಗೊತ್ತಿದೆ. ನಿನ್ನೆಯಿಂದ ಗೊತ್ತಿದ್ದೂ ಬೆಳಿಗ್ಗೆ ಅವನು ಕಾಗದ ತಂದಿಟ್ಟಾಗ ಅವನಾಗಿಯೇ ಹೇಳುತ್ತಾನೇನೋ ಎಂದು ಒಂದು ಅವಕಾಶ ಕೊಟ್ಟಿದ್ದಳು: ಎಷ್ಟು ಪುಟ ಇದೆ? ಆಗಲಾದರೂ ಹೇಳಬಹುದಿತ್ತು. ಉಗುಳಲೂ ಆಗದೆ ನುಂಗಲೂ ಆಗದೆ ಬಾಯಲ್ಲಿದ್ದುದನ್ನು ನೀರು ಕುಡಿದು ತಳ್ಳಿದ.

ನಾಲ್ಕಕ್ಕೆ ಸರಿಯಾಗಿ ಡಾಕ್ಟರಮ್ಮ ಬಂದರು. ಮುಂದಿನ ರೂಮಿನಲ್ಲಿ ಇದ್ದದ್ದು ಎರಡೇ ಕುರ್ಚಿ, ಒಂದು ಅವನದು, ಒಂದು ಬಂದವರದು. ಮೂರನೆಯವರು ಆ ರೂಮಿನಲ್ಲಿ ಕೂತದ್ದೇ ಇರಲಿಲ್ಲ. ಅತ್ತಿಗೆ ಪ್ಲಾಸ್ಟರಿನ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಅವನು ದಡಬಡಿಸಿ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಅವಳು ಕೂತಳು. ಅವನು ಒಳಗಿನಿಂದ ಕೆಲಸದ ಸ್ಟೂಲೊಂದನ್ನು ಎತ್ತಿ ತಂದ. ಅದರ ಮೇಲೆ ಕೂತಾಗ ಇಬ್ಬರಿಗಿಂತಲೂ ಒಂದು ಗೇಣು ಎತ್ತರವಾಗಿ, ಕಾಲು ನೆಲಕ್ಕೆ ತಾಗದೆ ಹೋಯಿತು.

ಡಾಕ್ಟರಮ್ಮ ಅತ್ತಿಗೆಯನ್ನು ನೋಡಿ, ಆಮೇಲೆ ಅವನನ್ನು ನೋಡಿ, "ಹಳೇ ಕೆಲಸದವರು ಅಂದಿದ್ರಿ," ಎಂದರು.

ಅತ್ತಿಗೆ ಹೇಳಿದಳು, "ಹಳಬಳೇ ಅಮ್ಮ. ಇವನಿಗಿಂತ ಹಳಬಳು. ಇವನು ಬಿಲ್ಲು ಬರೆಯೋಕೆ ಬರೋ ಮುಂಚೆಯಿಂದ ಇದೀನಿ."

ಡಾಕ್ಟರಮ್ಮ ನಕ್ಕರು. ಅತ್ತಿಗೆಯೂ ನಕ್ಕಳು. ಅವನೂ ನಗಬೇಕಾಯಿತು. ಅವಳು ತನ್ನನ್ನು ಕಾಪಾಡಿದಳೋ ಕಚ್ಚಿದಳೋ ಎಂದು ತಿಳಿಯಲಿಲ್ಲ, ಎರಡೂ ಇರಬಹುದು.

ಆಮೇಲೆ ನಡೆದದ್ದರಲ್ಲಿ ಅವನು ಆಡಿದ ಮಾತು ಬಹಳ ಕಡಿಮೆ. ಅತ್ತಿಗೆ ಬಿಲ್ಲಿನ ಬೆನ್ನಿನ ಲೆಕ್ಕ ಮುಂದಿಟ್ಟಳು. ಮನೆ ಅಡ ಇಡುವುದಿಲ್ಲ ಎಂದಳು. ಅದನ್ನು ಹೇಳುವಾಗ ಅವನ ಕಡೆ ನೋಡಲಿಲ್ಲ. ಮೆಷೀನನ್ನೇ ಅಡವಾಗಿಟ್ಟುಕೊಂಡು ಬ್ಯಾಂಕಿನವರು ಅದರ ಬೆಲೆಯಲ್ಲಿ ಒಂದು ಭಾಗ ಸಾಲ ಕೊಡುತ್ತಾರಂತೆ, ಆಡಿಟರ್ ಹೇಳಿದರು, ಅಷ್ಟರ ಕಂತು ಕೆಟ್ಟ ತಿಂಗಳಲ್ಲೂ ಕಟ್ಟಬಹುದು. ಮಿಕ್ಕಿದ್ದಕ್ಕೆ ಪಾಲು. ಆಗ ನಲವತ್ತು ಯಾಕೆ, ಇಪ್ಪತ್ತೆಂಟು ಸಾಕಲ್ಲವೇ?

"ಮೂವತ್ತು," ಎಂದರು ಡಾಕ್ಟರಮ್ಮ.

"ಮೂವತ್ತಾದ್ರೆ ನಿಮ್ಮ ಒಂಬತ್ತೂ ಕ್ಲಿನಿಕ್ಕಿನ ಕೆಲಸ ಬೇರೆ ಕಡೆ ಹೋಗಬಾರದು. ದುಡ್ಡು ತಿಂಗಳೊಳಗೆ ಬರಬೇಕು. ನಷ್ಟ ಆದ್ರೆ ದುಡ್ಡು ವಾಪಸ್ ಕೇಳದೆ ನೀವೂ ಸುಮ್ಮನೆ ನೋಡಬೇಕು, ನಮ್ಮ ಹಾಗೆ."

"ನೋಡ್ತೀನಿ. ಆದ್ರೆ ಸುಮ್ಮನಿರಲ್ಲ," ಎಂದರು ಡಾಕ್ಟರಮ್ಮ. "ಪಾಲು ಇದ್ದ ಮೇಲೆ ಮಾತಾಡ್ತೀನಿ."

"ಮಾತಾಡಿ. ಇಲ್ಲಿ ಮಾತು ಕಡಿಮೆಯಾಗಿದೆ," ಎಂದಳು ಅತ್ತಿಗೆ.

ಡಾಕ್ಟರಮ್ಮ ಅವನ ಕಡೆ ತಿರುಗಿದರು. "ನೀವೇನಂತೀರಿ?" ಇಡೀ ವಾರ ಅವನು ಹೆದರಿದ್ದ ಪ್ರಶ್ನೆ ಇದೇ, ಆದರೆ ಅದು ಅವನ ಕಡೆಗೆ ಬಂದಿತ್ತು. ಬೇಡವೆಂದರೆ ನಿಂತುಹೋಗುತ್ತದೆ. ಈ ಗಳಿಗೆಯವರೆಗೆ ಅರ್ಧ ಅವನದೇ, ಅವನು ತಲೆಯಾಡಿಸದೆ ಏನೂ ಆಗುವುದಿಲ್ಲ. ಅತ್ತಿಗೆ ಅವನನ್ನು ನೋಡುತ್ತಿದ್ದಳು. ಬೇಡಿಕೊಳ್ಳುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಅವಳು ಹಲ್ಲಿನ ಬಣ್ಣ ನೋಡುವುದು ಹೀಗೆ. "ಆಗಲಿ," ಎಂದ. ದನಿ ಹೊರಡಲಿಲ್ಲವೆಂದು ಇನ್ನೊಮ್ಮೆ ಹೇಳಿದ, "ಆಗಲಿ."

ಡಾಕ್ಟರಮ್ಮ ಹೋದ ಮೇಲೆ ಇಬ್ಬರೂ ಅಲ್ಲೇ ಕೂತಿದ್ದರು. ಬ್ಯಾಂಕಿನ ಹೊತ್ತು ಮೀರಿ ಹೋಯಿತು. ಒಳಗೆ ಹುಡುಗಿಯರು ಗುಡಿಸುವ ಸದ್ದು. ಅವನು ಕ್ಷಮೆ ಕೇಳಬೇಕೆಂದಿದ್ದ, ಕೆಲಸದವರು ಎಂದದ್ದಕ್ಕೆ, ಪಾಲಿನ ಮಾತು ಮುಚ್ಚಿಟ್ಟದ್ದಕ್ಕೆ, ಮನೆಗೆ, ಎಲ್ಲಕ್ಕೆ. ಆದರೆ ಅವನ ಬಾಯಿಂದ ಬಂದದ್ದು ಅವನ ಭಯವೇ. "ಅತ್ತಿಗೆ, ನಾಳೆ ಯಾವುದಕ್ಕಾದರೂ ಅವರೊಂದು ಹೇಳಿ ನಾನೊಂದು ಹೇಳಿದ್ರೆ..."

ಅವಳು ಲೆಕ್ಕ ಬರೆದ ಬಿಲ್ಲನ್ನು ಮಡಚಿ ಇಟ್ಟಳು. "ಯಾವಾಗಲೂ ನಿನ್ನ ಕಡೆಗೇ ಅಂತ ಮಾತು ಕೊಡಲ್ಲ ಕಣಪ್ಪ," ಎಂದಳು. "ಆದ್ರೆ ನಿನ್ನ ವಿರುದ್ಧ ಕೈ ಎತ್ತೋ ದಿನ ಬೆಳಿಗ್ಗೆನೇ ಬಂದು ನಿನಗೆ ಹೇಳ್ತೀನಿ. ಇನ್ನೊಬ್ಬರ ಬಾಯಿಂದ ನೀನು ಕೇಳೋ ಹಾಗೆ ಮಾಡಲ್ಲ."

ಅವನಿಗೆ ಅಳು ಬಂತು. ಅವಳ ಮುಂದೆ ಅಳುವ ಹಕ್ಕು ತನಗಿಲ್ಲವೆನ್ನಿಸಿ ಕಿಟಕಿಯ ಕಡೆ ತಿರುಗಿದ. ಬೀದಿ ಕಲಸಿಹೋಗಿ ಕಾಣುತ್ತಿತ್ತು.

"ಅಂದ ಹಾಗೆ," ಎಂದಳು ಅತ್ತಿಗೆ ಏಳುತ್ತ, "ಮೆಷೀನು ಭಾರದ್ದು, ಹಿಂದಿನ ಕೋಣೆಯ ನೆಲ ತಡೆಯಲ್ಲ. ಈ ರೂಮಿಗೇ ಬರಬೇಕು ಅಂತ ಡಾಕ್ಟರಮ್ಮ ನಿನ್ನೆ ಫೋನಲ್ಲೇ ಅಂದ್ರು, ನಾಳಿದ್ದು ನಿನಗೂ ಹೇಳೋರಿದಾರೆ. ನಾನು ಹೂಂ ಅನ್ನೋಳಿದೀನಿ."

ಅವನು ರೂಮನ್ನು ನೋಡಿದ. "ನನ್ನ ಮೇಜು?"

"ಒಳಗೆ ನನ್ನ ಪಕ್ಕ ಜಾಗ ಇದೆ. ಧೂಳಿರುತ್ತೆ," ಎಂದಳು. "ಅಭ್ಯಾಸ ಆಗುತ್ತೆ."